ಪೆರ್ನೆಮ್ ಸುರಂಗದ ಒಸರು

2024ರ ಜುಲೈ 9ರ ಮಧ್ಯಾಹ್ನ ಕೊಂಕಣ ರೈಲ್ವೆಯ ಪೆರ್ನೆಮ್ ಸುರಂಗದೊಳಗೆ ನೀರೂ ಕೆಸರೂ ಹಳಿಯ ಮೇಲೆ ಬಂದವು. ಕಾರ್ಮಿಕರು ಅದನ್ನು ತೋಡಿ, ರಾತ್ರಿಯ ಹೊತ್ತಿಗೆ ದಾರಿ ಬಿಟ್ಟುಕೊಟ್ಟರು. ಬೆಳಗಿನ ಜಾವಕ್ಕೆ ಮತ್ತೆ ಅದೇ ಜಾಗದಲ್ಲಿ ಅದೇ ಕೆಸರು. ರೈಲು ಓಡಿದ್ದು 10ರ ರಾತ್ರಿ. ಮಹಾರಾಷ್ಟ್ರ-ಗೋವಾ ಗಡಿಯಲ್ಲಿ, ಮಡುರೆ ಮತ್ತು ಪೆರ್ನೆಮ್ ನಿಲ್ದಾಣಗಳ ನಡುವೆ ಇರುವ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಈ ಸುರಂಗದ ಗೋಡೆ ನಾಲ್ಕು ವರ್ಷ ಮೊದಲು, 2020ರ ಆಗಸ್ಟ್ 6ರ ನಸುಕಿನಲ್ಲಿ, ಸುಮಾರು ಐದು ಮೀಟರ್‌ನಷ್ಟು ಕುಸಿದಿತ್ತು. ಆಗ ರೈಲುಗಳು ಪನ್ವೇಲ್, ಪುಣೆ, ಮಿರಜ್, ಲೋಂಡಾ ಸುತ್ತಿ ಮಡಗಾಂವ್ ಸೇರಬೇಕಾಯಿತು. ಎರಡೂ ಸಲ ಇದನ್ನು ಮಳೆಯ ಅನಾಹುತವೆಂದೇ ಲೆಕ್ಕ ಹಾಕಲಾಯಿತು. ನನ್ನ ತಕರಾರು ಇರುವುದು ಈ ಲೆಕ್ಕದ ಬಗ್ಗೆಯೇ. ಇದು ಸುರಂಗದ ನಿರ್ವಹಣೆಯಲ್ಲಿ ಉಳಿದ ಬಾಕಿ.

ಇಪ್ಪತ್ತೈದು ಮೂವತ್ತು ವರ್ಷದ ಸುರಂಗವನ್ನು ಹಳೆಯದೆನ್ನುವುದು ಹೇಗೆ, ಬ್ರಿಟಿಷರು ಕೊರೆದ ಸುರಂಗಗಳಲ್ಲಿ ಇಂದಿಗೂ ರೈಲು ಓಡುತ್ತಿಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಸುರಂಗ ಮುಪ್ಪಾಗುವುದು ಅದು ನಿಂತ ನೆಲದ ಗುಣಕ್ಕೆ ತಕ್ಕಂತೆ. ಗಟ್ಟಿ ಬಂಡೆಯಲ್ಲಿ ಕೊರೆದದ್ದು ನೂರು ವರ್ಷ ಅಲುಗದೆ ನಿಂತೀತು. ಪೆರ್ನೆಮ್ ಇರುವುದು ನೀರು ತಾಗಿದರೆ ಗಂಜಿಯಂತಾಗುವ ಮೆತ್ತನೆ ಮಣ್ಣಿನಲ್ಲಿ. ಕಟ್ಟುವಾಗಲೂ ಅದು ಮತ್ತೆ ಮತ್ತೆ ಕುಸಿದು ಎಂಜಿನಿಯರುಗಳನ್ನು ಹೈರಾಣಾಗಿಸಿತ್ತು. 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯುವಾಗ ಕಟ್ಟಕಡೆಗೆ ಮುಗಿದ ಕೆಲಸಗಳಲ್ಲಿ ಇದೂ ಒಂದು. ಇಂಥ ನೆಲದಲ್ಲಿ ಕಾಂಕ್ರೀಟ್ ಒಳಗೋಡೆಯ ಹಿಂದೆ ನೀರು ಸದಾ ಕೂತಿರುತ್ತದೆ. ಅದು ಹೊರಗೆ ಬರಲೆಂದು ಗೋಡೆಯಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ನುಣ್ಣನೆಯ ಮಣ್ಣು ಬಂದು ಆ ತೂತು ಕಟ್ಟಿಕೊಂಡರೆ ನೀರಿನ ಒತ್ತಡ ಗೋಡೆಯ ಮೇಲೆ ಬೀಳುತ್ತದೆ. ತೂತು ತೆರೆದೇ ಇದ್ದು ಮಣ್ಣನ್ನು ತಡೆಯುವ ಸೋಸು ಇಲ್ಲದಿದ್ದರೆ ಒಸರಿನ ಜತೆ ಹಿಂದಿನ ಮಣ್ಣೂ ಇಳಿದುಹೋಗಿ ಗೋಡೆಯ ಬೆನ್ನಿಗೆ ಪೊಳ್ಳು ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದು ಒದ್ದೆ ಕಲೆ, ಅದರ ಕೆಳಗೆ ಬೆರಳಿಗೆ ಅಂಟುವಷ್ಟು ಕೆಂಪು ರಾಡಿ. ಒಸರು ತಿಳಿಯಾಗಿದ್ದರೆ ಚಿಂತೆ ಕಡಿಮೆ. ಅದು ಕದಡಿ ಬರುತ್ತಿದ್ದರೆ ಬೆಟ್ಟದ ಮಣ್ಣು ಸುರಂಗದೊಳಕ್ಕೆ ಸೋರುತ್ತಿದೆ ಎಂದೇ ಅರ್ಥ. 2020ರಲ್ಲಿ ಕುಸಿದದ್ದು ಗೋಡೆ, 2024ರಲ್ಲಿ ನುಗ್ಗಿದ್ದು ಕೆಸರು. ಕಾಯಿಲೆ ಒಂದೇ ಎಂದು ನಾನು ತಿಳಿಯುತ್ತೇನೆ.

ಕೊಂಕಣ ರೈಲ್ವೆ ಕೈಕಟ್ಟಿ ಕೂತಿದೆ ಎಂದರೆ ಅನ್ಯಾಯವಾದೀತು. 2003ರಲ್ಲಿ ವೈಭವವಾಡಿ ಬಳಿ, ಮರುವರ್ಷ ಕರಂಜಾಡಿ ಬಳಿ ಮಂಗಳೂರಿನ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೇ, ಉರುಳಿದ ಬಂಡೆಗಳಿಂದ ಅಪಘಾತವಾಗಿ ಜನ ಸತ್ತ ಮೇಲೆ ಅದು ಬಹಳಷ್ಟು ಕಲಿತಿದೆ. ಗುಡ್ಡದ ಮೈಗೆ ಉಕ್ಕಿನ ಬಲೆ, ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ಜಡಿಮಳೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಮಿತಿ, ಹಗಲಿರುಳು ಹಳಿಯ ಮೇಲೆ ಗಸ್ತು. ಪೆರ್ನೆಮ್ ಎರಡು ಸಲ ಕೈಕೊಟ್ಟಾಗಲೂ ಪ್ರಯಾಣಿಕರು ಯಾರೂ ಸಾಯಲಿಲ್ಲ. ಮಳೆಯಲ್ಲಿ ಟಾರ್ಚ್ ಹಿಡಿದು ನಡೆಯುವ ಗ್ಯಾಂಗ್‌ಮನ್‌ಗಳ ಋಣ ದೊಡ್ಡದು. ಆದರೆ ಈ ಕ್ರಮಗಳೆಲ್ಲ ರೈಲನ್ನು ನಿಧಾನಿಸುತ್ತವೆ ಇಲ್ಲವೇ ನಿಲ್ಲಿಸುತ್ತವೆ, ಹೊರಗಿನ ಇಳಿಜಾರನ್ನು ಕಾಯುತ್ತವೆ. ಒಳಗೋಡೆಯ ಹಿಂದಿನ ನೀರಿಗೂ ಅವಕ್ಕೂ ಸಂಬಂಧವಿಲ್ಲ. ಅಪಾಯ ಬಂದಾಗ ರೈಲು ನಿಲ್ಲಿಸುವುದನ್ನೇ ಸುರಕ್ಷತೆಯ ಪೂರ್ತಿ ಅರ್ಥವೆಂದು ಒಪ್ಪಿದರೆ, ಮಾರ್ಗ ಮುಚ್ಚಿದ ದಿನವೂ ಯಶಸ್ಸಿನ ದಿನವಾಗಿಬಿಡುತ್ತದೆ.

ಅಸಾಧಾರಣ ಮಳೆ ಎಂಬ ಸಮಜಾಯಿಷಿಯೂ ನನಗೆ ಒಪ್ಪಿಗೆಯಿಲ್ಲ. 2024ರದು ಪುನರ್ವಸು ಮಳೆ, 2020ರದು ಆಶ್ಲೇಷ. ಕರಾವಳಿಯ ರೈತರು ಹೆಸರಿಟ್ಟು ಕಾಯುವ ಮಳೆಗಳು ಇವು. ಒಂದು ದಿನದ ಪ್ರಮಾಣ ಹೆಚ್ಚಾಗಿರಬಹುದು. ಆದರೆ ಈ ತೀರದಲ್ಲಿ ಕಟ್ಟಿದ ಸುರಂಗಕ್ಕೆ ಅಂಥ ದಿನ ಬಂದೇ ಬರುತ್ತದೆ ಎಂದು ಮೊದಲೇ ಗೊತ್ತಿತ್ತು. 2024ರ ಆ ಜುಲೈ ತಿಂಗಳಲ್ಲಿ ನಡೆದದ್ದನ್ನೇ ನೋಡಿ: 14ರಂದು ರತ್ನಗಿರಿ ಜಿಲ್ಲೆಯಲ್ಲಿ ಹಳಿಯ ಮೇಲೆ ಗುಡ್ಡ ಕುಸಿಯಿತು, 26ರಂದು ಐವತ್ತೇಳು ಸುರಂಗಗಳ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಎಡಕುಮೇರಿ ಬಳಿ ಭೂಕುಸಿತವಾಯಿತು. ಮಂಗಳೂರಿಗೆ ಮುಂಬೈ ದಾರಿಯೂ ಬೆಂಗಳೂರು ದಾರಿಯೂ ಒಂದೇ ತಿಂಗಳಲ್ಲಿ ಕಡಿದವು.

ಉಳಿದದ್ದು ಹಣದ ಮಾತು. ಮೆತ್ತನೆ ಮಣ್ಣಿನ ಸುರಂಗದ ಒಳಗೋಡೆಗೆ ಸಿಮೆಂಟ್ ಹಾಲು ತುಂಬಿ, ತಳದ ಚರಂಡಿ ಹೊಸದಾಗಿ ಕಟ್ಟಿ, ಪೊಳ್ಳು ಹುಡುಕುವ ಉಪಕರಣ ಕೂರಿಸುವುದು ದುಬಾರಿ ಕೆಲಸ. ಬಹುಪಾಲು ಜೋಡಿ ಹಳಿಯಿಲ್ಲದ ಮಾರ್ಗದಲ್ಲಿ ಅದಕ್ಕಾಗಿ ರೈಲು ನಿಲ್ಲಿಸುವುದೂ ಕಷ್ಟ. ನಿಜ. ಆದರೆ ಬೇಸಗೆಯಲ್ಲಿ ನಾವೇ ಆರಿಸಿ, ಮೊದಲೇ ತಿಳಿಸಿ, ರಾತ್ರಿ ಕೆಲವು ಗಂಟೆ ಮುಚ್ಚುವುದಕ್ಕೂ ಮಳೆಗಾಲದಲ್ಲಿ ಸುರಂಗವೇ ತಾನಾಗಿ ಮುಚ್ಚಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕೊಂಕಣ ರೈಲ್ವೆ ನಿಗಮ ಕಟ್ಟಿದಾಗ ಕರ್ನಾಟಕ ಹಾಕಿದ ಪಾಲು ಶೇ 15. ನಿಗಮವನ್ನು ಭಾರತೀಯ ರೈಲ್ವೆಯೊಡನೆ ಸೇರಿಸುವ ಮಾತುಕತೆಯಲ್ಲಿ ನಮ್ಮ ಸರ್ಕಾರ ಹೊಸ ರೈಲುಗಳನ್ನು ಕೇಳಲಿ. ಅದಕ್ಕೂ ಮೊದಲು, ಮೆತ್ತನೆ ಮಣ್ಣಿನ ಪ್ರತಿಯೊಂದು ಸುರಂಗದ ತಪಾಸಣಾ ವರದಿ ವರ್ಷವರ್ಷವೂ ಮೇ ತಿಂಗಳೊಳಗೆ ಜನರ ಕೈಗೆ ಸಿಗಬೇಕೆಂದು ಪಟ್ಟು ಹಿಡಿಯಲಿ.