ಕಂಪಿಸಿದ ಮೇಲೆ ಬದಲಾಗುವ ಗೆರೆಗಳು

2002ರ ಭೂಕಂಪ ವಲಯ ನಕ್ಷೆ ಪುಣೆಯನ್ನು ಮೂರನೇ ವಲಯದಲ್ಲಿಟ್ಟು, ಕಟ್ಟಡ ತಡೆಯಬೇಕಾದ ಬಲದ ಲೆಕ್ಕಕ್ಕೆ 0.16 ಎಂಬ ಗುಣಾಂಕ ಕೊಟ್ಟಿತು. ಈ ನಕ್ಷೆಯಿಲ್ಲದೆ ಎಂಜಿನಿಯರ್ ಲೆಕ್ಕ ಹಾಕಲಾರ, ಅದರ ಉಪಯೋಗದ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಅದರ ಹುಟ್ಟಿನ ಬಗೆಗೆ.

1962ರ ಮೊದಲ ನಕ್ಷೆ ದೇಶವನ್ನು ಏಳು ವಲಯಗಳಾಗಿ ಹಂಚಿತ್ತು. ದಖನ್ ಗಟ್ಟಿ ಕಲ್ಲಿನ ನೆಲ, ಅಲುಗದು ಎಂಬುದು ಆಗಿನ ನಂಬಿಕೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ, ಪುಣೆಯ ದಕ್ಷಿಣಕ್ಕಿರುವ ಕೊಯ್ನಾನಗರ ನಡುಗಿತು. 1970ರ ಪರಿಷ್ಕರಣೆಯಲ್ಲಿ ವಲಯಗಳು ಐದಾದವು, ಕೊಯ್ನಾ ನಾಲ್ಕನೆಯದಕ್ಕೆ ಏರಿತು. ಮರಾಠವಾಡದ ಕಿಲ್ಲಾರಿ ಮಾತ್ರ ಅತಿ ಸುರಕ್ಷಿತವೆನಿಸಿದ ಒಂದನೇ ವಲಯದಲ್ಲೇ ಉಳಿಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲೂ ನೆಲ ನಡುಗಿ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಊರುಗಳ ಮೇಲೆ ಮಣ್ಣುಗಾರೆಯ ಕಲ್ಲುಗೋಡೆಗಳೂ ಭಾರದ ಮಣ್ಣಿನ ಮಾಳಿಗೆಗಳೂ ಕುಸಿದವು. ಸಾವಿರಾರು ಜನ ಸತ್ತರು. ಕಂಪನ ಬೀದರ, ಕಲಬುರಗಿಗಳಿಗೂ ಮುಟ್ಟಿತು. ಆ ಮನೆಗಳನ್ನು ಬಿಗಿಗೊಳಿಸಬೇಕೆಂದು ನಕ್ಷೆ ಯಾರಿಗೂ ಹೇಳಿರಲಿಲ್ಲ.

ಹಿಂದೆ ಕಂಪಿಸಿದ ಜಾಗಗಳನ್ನು ನೋಡಿ ವಲಯ ಗುರುತಿಸುವ ಈ ಪದ್ಧತಿ ನೆಲದ ನೆನಪನ್ನು ಅವಲಂಬಿಸಿದೆ, ನಮ್ಮ ದಾಖಲೆಗಳೋ ಕೆಲವೇ ಶತಮಾನಗಳವು. ಸಾವಿರಾರು ವರ್ಷಕ್ಕೊಮ್ಮೆ ಕದಲುವ ಬಿರುಕು ಅವುಗಳಲ್ಲಿ ಎಲ್ಲಿ ಸಿಗಬೇಕು? 2002ರಲ್ಲಿ ಒಂದನೇ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಿದ್ದನ್ನು ಈ ಪರಂಪರೆಯ ಅತ್ಯಂತ ಪ್ರಾಮಾಣಿಕ ಹೆಜ್ಜೆಯೆಂದು ನಾನು ಮೆಚ್ಚುತ್ತೇನೆ. ಅಪಾಯವೇ ಇಲ್ಲದ ನೆಲ ಈ ದೇಶದಲ್ಲಿಲ್ಲ ಎಂದು ಅದು ಒಪ್ಪಿಕೊಂಡಿತು.

ಆದರೆ ಮೆಟ್ಟಿಲುಗಳು ಉಳಿದವು. ಆ ನಕ್ಷೆಯಲ್ಲಿ ವಿಜಯಪುರಕ್ಕೆ 0.16, ಪಕ್ಕದ ಕಲಬುರಗಿಗೆ 0.10. ನೆಲದಡಿಯ ಒತ್ತಡ ಜಿಲ್ಲೆಯಿಂದ ಜಿಲ್ಲೆಗೆ ಹೀಗೆ ಒಮ್ಮೆಲೇ ಜಿಗಿಯುವುದಿಲ್ಲ, ಗೆರೆ ದಾಟಿದೊಡನೆ ಕಟ್ಟಡ ತಡೆಯಬೇಕಾದ ಬಲದ ಲೆಕ್ಕ ಮಾತ್ರ ಜಿಗಿಯುತ್ತದೆ.

ಪುಣೆಯ ಒಳಗಂತೂ ಇಡೀ ನಗರಕ್ಕೆ ಒಂದೇ ಬಣ್ಣ. ಬೆಟ್ಟದ ಬಸಾಲ್ಟ್ ಬಂಡೆಯ ಮೇಲಿನ ಮನೆಗೂ ಮುಳಾ-ಮುಠಾ ದಂಡೆಯ ಮೆಕ್ಕಲು ಮಣ್ಣಿನ ಮೇಲಿನ ಗೋಪುರಕ್ಕೂ ಅದೇ ಗುಣಾಂಕ. ಮಣ್ಣಿನ ಬಗೆಗೆ ಭೂಕಂಪ ವಿನ್ಯಾಸದ ಸಂಹಿತೆ ಬೇರೆ ಲೆಕ್ಕ ಕೊಡುತ್ತದೆ ನಿಜ, ಆದರೆ ಮನೆ ಕೊಳ್ಳುವವರ ಕಣ್ಣಿಗೆ ಬೀಳುವುದು ಬಣ್ಣವೊಂದೇ. ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದಂಥ ಸೂಕ್ಷ್ಮ ವಲಯೀಕರಣ, ಮಣ್ಣಿನ ಆಳವನ್ನು ಬಡಾವಣೆವಾರು ತೋರಿಸುವ ನಕ್ಷೆ, ಪುಣೆಯಲ್ಲಿ ಪ್ರತಿ ಮನೆ ಮಾರಾಟದ ಕಾಗದಕ್ಕೂ ಲಗತ್ತಾಗಬೇಕು.