ಎಚ್ಚರಕ್ಕಿಂತ ಕ್ರಮ ಮೇಲು

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ (2011) ಹೆಸರಾದದ್ದು ಮನಸ್ಸಿನ ಎರಡು ಬಗೆಯ ನಡೆಯನ್ನು ವಿವರಿಸಿದ್ದಕ್ಕೆ: ತಟ್ಟನೆ ತೀರ್ಮಾನಕ್ಕೆ ಹಾರುವುದು ಒಂದು, ನಿಧಾನವಾಗಿ ಲೆಕ್ಕ ಹಾಕುವುದು ಇನ್ನೊಂದು. ಆದರೆ ಪುಸ್ತಕದ ತಿರುಳಿರುವುದು 21ನೇ ಅಧ್ಯಾಯದಲ್ಲಿ ಎಂದು ನನಗನ್ನಿಸುತ್ತದೆ.

ಸಹಸಂಶೋಧಕ ಏಮೋಸ್ ಟ್ವರ್ಸ್ಕಿ ಜೊತೆಗೂಡಿ ಮಾಡಿದ ಪ್ರಯೋಗಗಳನ್ನು ಕಾನಮನ್ ಸೊಗಸಾಗಿ ನಿರೂಪಿಸುತ್ತಾರೆ. 10 ಅಥವಾ 65ರಲ್ಲೇ ನಿಲ್ಲುವಂತೆ ಹೊಂದಿಸಿದ ಚಕ್ರವೊಂದನ್ನು ವಿದ್ಯಾರ್ಥಿಗಳ ಮುಂದೆ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ಸರಾಸರಿ ಅಂದಾಜು 25, 65 ಕಂಡವರದು 45. ಪ್ರಶ್ನೆಗೆ ಸಂಬಂಧವೇ ಇಲ್ಲದ ಅಂಕಿಯೊಂದು ಉತ್ತರವನ್ನು ತನ್ನತ್ತ ಎಳೆದುಕೊಂಡಿತ್ತು.

‘ಪ್ರೈಮಿಂಗ್’, ಅಂದರೆ ಮೊದಲು ಕಂಡದ್ದು ನಮಗರಿವಿಲ್ಲದೆ ಮುಂದಿನ ನಡೆಯನ್ನು ಪ್ರಭಾವಿಸುವುದು, ಇದರ ಕುರಿತ ಅಧ್ಯಾಯ ಮಾತ್ರ ಸೋಲುತ್ತದೆ. ಮುಪ್ಪನ್ನು ನೆನಪಿಸುವ ಪದಗಳನ್ನು ಓದಿದ ಯುವಕರು ನಿಧಾನವಾಗಿ ನಡೆದರು ಎಂಬಂಥ ಫಲಿತಾಂಶಗಳನ್ನು ನಂಬದೆ ವಿಧಿಯಿಲ್ಲ ಎನ್ನುವ ಧಾಟಿ ಅಲ್ಲಿದೆ. ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದಾಗ ಅವುಗಳಲ್ಲಿ ಹಲವು ನಿಲ್ಲಲಿಲ್ಲ. ಕೆಲವೇ ಜನರ ಮೇಲೆ ನಡೆದ ಅಧ್ಯಯನಗಳನ್ನು ಅತಿಯಾಗಿ ನಂಬಿದೆನೆಂದು ಕಾನಮನ್ 2017ರಲ್ಲಿ ಒಪ್ಪಿಕೊಂಡರು. ಸಂಶೋಧಕರೂ ಇದೇ ತಪ್ಪು ಮಾಡುತ್ತಾರೆಂದು 1971ರಲ್ಲೇ ತೋರಿಸಿಕೊಟ್ಟವರು ಕಾನಮನ್ ಮತ್ತು ಟ್ವರ್ಸ್ಕಿ! ತಪ್ಪಿನ ಸ್ವರೂಪ ಬಲ್ಲವರನ್ನೂ ಬರಿಯ ತಿಳಿವಳಿಕೆ ಕಾಯಲಿಲ್ಲ.

ಹಾಗಾದರೆ ಕಾಯುವುದು ಯಾವುದು? ಅದಕ್ಕೆ ಉತ್ತರ 21ನೇ ಅಧ್ಯಾಯದಲ್ಲಿದೆ. 1955ರಲ್ಲಿ, 21ರ ಹರೆಯದ ಕಾನಮನ್‌ಗೆ ಇಸ್ರೇಲ್ ಸೇನೆಯ ಸಂದರ್ಶನ ಪದ್ಧತಿಯನ್ನು ತಿದ್ದುವ ಕೆಲಸ ಬಂತು. ಅಭ್ಯರ್ಥಿಯ ಬಗ್ಗೆ ಮೂಡುವ ಒಟ್ಟಾರೆ ಅಭಿಪ್ರಾಯವನ್ನು ಅವರು ನೆಚ್ಚಲಿಲ್ಲ. ಹೊಣೆಗಾರಿಕೆ, ಜನರೊಡನೆ ಬೆರೆಯುವಿಕೆ ಮೊದಲಾದ ಆರು ಗುಣಗಳನ್ನು ಆರಿಸಿದರು. ಒಂದೊಂದಕ್ಕೂ ನಿಗದಿತ ಪ್ರಶ್ನೆಗಳು. ಒಂದಕ್ಕೆ ಅಂಕ ಕೊಟ್ಟ ಮೇಲೇ ಇನ್ನೊಂದರ ವಿಚಾರಣೆ. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರು. ಎಲ್ಲ ಮುಗಿದ ಮೇಲೆ ಕಣ್ಮುಚ್ಚಿ ನಿಮ್ಮ ಮನಸ್ಸು ಹೇಳುವ ಅಂಕವನ್ನೂ ಕೊಡಿ ಎಂದರು ಕಾನಮನ್. ಫಲಿತಾಂಶ ಅವರನ್ನೇ ಬೆರಗುಗೊಳಿಸಿತು. ಆರು ಅಂಕಗಳ ಮೊತ್ತದಷ್ಟೇ ಆ ಕೊನೆಯ ಅಂಕವೂ ಸರಿಯಾಗಿತ್ತು. ಒಳಮನಸ್ಸಿಗೂ ಬೆಲೆಯಿದೆ, ಆದರೆ ಅದು ಮೊದಲು ಮಾತಾಡಬಾರದು.

ನೇಮಕಾತಿ, ಉತ್ತರಪತ್ರಿಕೆಗಳ ಮೌಲ್ಯಮಾಪನ, ಪ್ರಶಸ್ತಿಯ ಆಯ್ಕೆ ಎಲ್ಲದಕ್ಕೂ ಈ ಮಾತು ಸಲ್ಲುತ್ತದೆ. ‘ನಾನು ನಿಷ್ಪಕ್ಷಪಾತಿ’ ಎಂಬ ಭರವಸೆಯಿಂದ ಅಭ್ಯರ್ಥಿಗೆ ನ್ಯಾಯ ಸಿಗದು. ಹೆಸರು ನೋಡದೆ ತಿದ್ದುವ, ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಅಂಕ ಬರೆದಿಡುವ ಕಟ್ಟುಪಾಡಿನಿಂದ ಸಿಗಬಹುದು. ಓದುಗರು ತಮ್ಮ ಮನಸ್ಸನ್ನು ಕಾವಲು ಕಾಯಲು ಹೋಗದೆ ತಮ್ಮ ಪದ್ಧತಿಗಳನ್ನು ತಿದ್ದಿಕೊಂಡರೆ, ಈ ಪುಸ್ತಕ ಓದಿದ್ದು ಸಾರ್ಥಕ.