ಬೇಸ್ ಮೇಲೆ ನಿಂತ ಆಲ್ಬಮ್

ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದ ‘ಮೆಟಲ್ ಬಾಕ್ಸ್’ ಬಗ್ಗೆ ಮಾತೆತ್ತಿದರೆ ಮೊದಲು ಬರುವುದು ಡಬ್ಬಿಯ ಕಥೆಯೇ. 1979ರ ನವೆಂಬರಿನಲ್ಲಿ ಬ್ರಿಟನ್ನಿನ ವರ್ಜಿನ್ ಕಂಪನಿ ಇದನ್ನು ಹೊರತಂದಾಗ, ಸಿನಿಮಾ ರೀಲು ಇಡುವಂಥ ದುಂಡನೆಯ ತಗಡಿನ ಡಬ್ಬಿಯೊಳಗೆ ಹನ್ನೆರಡು ಇಂಚಿನ ಮೂರು ರೆಕಾರ್ಡುಗಳನ್ನು ಒತ್ತೊತ್ತಿ ಇಟ್ಟಿದ್ದರು. ಗೀರು ಬೀಳದಂತೆ ಹೊರತೆಗೆಯುವುದೇ ಸಾಹಸ. ಇದೆಲ್ಲ ಬರೀ ಗಿಮಿಕ್ ಎಂದು ತಳ್ಳಿಹಾಕಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಮಾರು ಒಂದು ಗಂಟೆಯ ಸಂಗೀತವನ್ನು ಆರು ಮುಖಗಳಿಗೆ ಹಂಚಿ, ನಿಮಿಷಕ್ಕೆ 45 ಸುತ್ತಿನ ವೇಗಕ್ಕೆ ಕೊರೆದಿದ್ದರಿಂದ ಬೇಸ್ ಗಿಟಾರಿನ ಕೆಳದನಿಗೆ ಧಾರಾಳ ಜಾಗ ಸಿಕ್ಕಿತು. ಆಲ್ಬಮ್ ನಿಂತಿರುವುದೇ ಆ ಕೆಳದನಿಯ ಮೇಲೆ.

1978ರ ಜನವರಿಯಲ್ಲಿ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ಒಡೆದ ಮೇಲೆ ಅದರ ಗಾಯಕ ಜಾನ್ ಲೈಡನ್ ಜಮೈಕಾಕ್ಕೆ ಹೋಗಿಬಂದ. ರೆಗ್ಗೆ, ಡಬ್ ಸಂಗೀತದ ಹುಚ್ಚು ಅವನಿಗೆ ಮೊದಲೇ ಇತ್ತು. ಅವನು ಆಮೇಲೆ ಕಟ್ಟಿದ ಈ ಪಬ್ಲಿಕ್ ಇಮೇಜ್ ತಂಡದ ಬೇಸ್ ವಾದಕ ಜಾ ವಾಬಲ್‌ಗೂ ಅದೇ ಹುಚ್ಚು. ಮೊದಲ ಹಾಡು ‘ಆಲ್ಬಟ್ರಾಸ್’ ಹತ್ತು ನಿಮಿಷಕ್ಕೂ ಹೆಚ್ಚು ಎಳೆಯುತ್ತದೆ. ವಾಬಲ್ ಹಿಡಿದ ನಾಲ್ಕಾರು ಸ್ವರಗಳು, ಕಛೇರಿಯ ತಂಬೂರಿಯ ಹಾಗೆ, ಯಾರು ಏನೇ ಮಾಡಲಿ ತಮ್ಮ ಪಾಡಿಗೆ ಸುತ್ತುತ್ತಲೇ ಇರುತ್ತವೆ. ಕೀತ್ ಲೆವೀನನ ಗಿಟಾರ್ ಅವುಗಳ ಮೇಲೆ ಗಾಜು ಗೀಚುತ್ತದೆ. ಹೊಸ ಕೇಳುಗರು ಇಲ್ಲೇ ಎದ್ದುಹೋಗಬಹುದು. ಸ್ವಲ್ಪ ತಾಳಿಕೊಂಡರೆ ‘ಪಾಪ್‌ಟೋನ್ಸ್’ ಸಿಗುತ್ತದೆ: ಅಪಹರಣಕ್ಕೊಳಗಾದವರೊಬ್ಬರ ನೆನಪಿನಲ್ಲಿ ಕಾರಿನ ಕ್ಯಾಸೆಟ್ಟಿನ ಹಾಡು ಅಂಟಿಕೊಂಡ ಕಥೆ. ಭಯ ಮಾತಿನಲ್ಲಿಲ್ಲ, ಲೆವೀನನ ಗಿಟಾರ್ ಮುಗಿಯದೆ ಸುರುಳಿ ಸುತ್ತುವ ಆ ಚೆಲುವಿನಲ್ಲಿದೆ.

‘ಸ್ವಾನ್ ಲೇಕ್’ ಇನ್ನೂ ತೀವ್ರ. ಅದೇ ವರ್ಷ ‘ಡೆತ್ ಡಿಸ್ಕೋ’ ಹೆಸರಿನಲ್ಲಿ ಸಿಂಗಲ್ ಆಗಿ ಬಂದಿದ್ದ ಈ ಹಾಡು, ಕ್ಯಾನ್ಸರಿನಿಂದ ತೀರಿಕೊಂಡ ಲೈಡನ್ನನ ತಾಯಿಯ ಕುರಿತದ್ದು. ಕೆಳಗೆ ಡಿಸ್ಕೋ ತಾಳ, ನಡುವೆ ಗಿಟಾರಿನಲ್ಲಿ ಸೊಟ್ಟಗಾದ ಚೈಕೋವ್‌ಸ್ಕಿಯ ಧಾಟಿ, ಮೇಲೆ ಮಗನ ಅರಚಾಟ. ಕುಣಿಸುವ ತಾಳಕ್ಕೆ ಗೋಳಾಟವನ್ನು ಜೋಡಿಸಿಯೂ ಅದು ನಾಟಕವೆನಿಸದಂತೆ ನೋಡಿಕೊಂಡಿರುವುದು ಸಣ್ಣ ಮಾತಲ್ಲ.

ಎಲ್ಲವೂ ಇದೇ ಎತ್ತರದಲ್ಲಿಲ್ಲ. ‘ಸೋಷಿಯಲಿಸ್ಟ್’ ಮತ್ತು ‘ಗ್ರೇವ್‌ಯಾರ್ಡ್’ ತಾಲೀಮಿನ ತುಣುಕುಗಳಂತೆ ಕೇಳುತ್ತವೆ. ಸ್ಥಿರವಾದ ಡ್ರಮ್ಮರ್ ಇರಲಿಲ್ಲ. ಮಾರ್ಟಿನ್ ಆಟ್ಕಿನ್ಸ್ ಆಡಿಷನ್‌ಗೆಂದು ಬಂದು ನುಡಿಸಿದ್ದೇ ‘ಬ್ಯಾಡ್ ಬೇಬಿ’ ಆಯಿತು. ಆ ಬಿಡುಬೀಸು ಕೆಲವೆಡೆ ಉಸಿರು ಕೊಡುತ್ತದೆ, ಕೆಲವೆಡೆ ಸೋಮಾರಿತನವಾಗುತ್ತದೆ. 1980ರಲ್ಲಿ ಇದನ್ನೇ ‘ಸೆಕೆಂಡ್ ಎಡಿಷನ್’ ಎಂದು ಎರಡು ಎಲ್‌ಪಿಗಳಲ್ಲಿ ಮತ್ತೆ ಹೊರತಂದರು. ಬೇಸಿಗಿದ್ದ ಜಾಗ ಅಷ್ಟರಮಟ್ಟಿಗೆ ಕಿರಿದಾಯಿತು. ಈಗ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ‘ಇದರಲ್ಲೇನಿದೆ’ ಎನ್ನುವವರನ್ನು ದೂರಲಾರೆ. ವಾಬಲ್ ಅಲ್ಲಿ ಇರುವುದೇ ಇಲ್ಲವಲ್ಲ!

ಲೈಡನ್ನನ ಹೆಸರೇ ಈ ಆಲ್ಬಮ್ಮನ್ನು ಮಾರಿತು, ನಿಜ. ಆದರೆ ಹನ್ನೆರಡು ಹಾಡುಗಳಲ್ಲಿ ಮೂರು ಕಡೆ ಅವನ ದನಿಯೇ ಇಲ್ಲ, ಕೊನೆಯ ‘ರೇಡಿಯೋ 4’ ಅಂತೂ ಲೆವೀನ್ ಒಬ್ಬನೇ ಕೂತು ಕಟ್ಟಿದ್ದು. ವಾಬಲ್ 1980ರಲ್ಲೇ ತಂಡ ಬಿಟ್ಟ. ಆಮೇಲೆ ಬಂದ ‘ಫ್ಲವರ್ಸ್ ಆಫ್ ರೊಮಾನ್ಸ್’ ಡ್ರಮ್ಮುಗಳ ಮೇಲೆಯೇ ಭಾರ ಹಾಕಿತು. ಅವನಂಥ ಇನ್ನೊಬ್ಬನನ್ನು ಹುಡುಕುವ ಗೋಜಿಗೇ ಹೋಗಲಿಲ್ಲ.